ಆರ್ಡರ್ ಬರೋ ತನಕ

ಎಲ್ರಿಗೂ ನಮಸ್ಕಾರ್ರಿ. ಹಿಂದ ಕುಂತವರಿಗೆ ಕೇಳಾಕತ್ತೈತೇನ್ರಿ? ಹಾಂ, ಆತು. ನಾನು 12 ವರ್ಷ ನಲಿ-ಕಲಿ ಮಕ್ಕಳ ಜೋಡಿ ಕೆಳಗ ಕುಂತು ಪಾಠ ಮಾಡಿದಾಕಿ, ಸ್ಟೇಜ್ ಮ್ಯಾಲ ನಿಂತು ಮಾತಾಡೋದು ಅಷ್ಟು ರೂಢಿ ಇಲ್ಲ. ಹೆಡ್‌ಮಾಸ್ತರ್ರು ‘ಮಕ್ಕಳು ಮತ್ತು ಮೊಬೈಲ್’ ಅಂತ ವಿಷಯ ಕೊಟ್ಟಾರ, ಅದು ತುಂಗಭದ್ರಾ ಡ್ಯಾಮ್ ಇದ್ದಂಗ, ಈಜಿ ಮುಗಿಸಾಕ ಆಗಂಗಿಲ್ಲ, ಅದಕ್ಕ ನಾನು ಒಂದ ಟೇಬಲ್ ಹಿಡಕೊಂಡೀನ್ರಿ, ಹೋಟೆಲ್ ಟೇಬಲ್ಲು.

ಮೊದ್ಲ ನಂದ ತಪ್ಪು ಹೇಳಿಬಿಡ್ತೀನಿ. ಹೋದ ತಿಂಗಳ ಮಗಳು ಅಳಿಯ ಬಂದಿದ್ರು, ಹೊಸಪೇಟೆ ರೋಡಿನ ಕಡೆ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋದ್ವಿ, ಮೊಮ್ಮಗಗ ಮೂರು ವರ್ಷ. ಆರ್ಡರ್ ಕೊಟ್ಟು ಅರ್ಧ ತಾಸಾದ್ರೂ ಏನೂ ಬರ್ಲಿಲ್ಲ, ಈ ಹುಡುಗ ಉಪ್ಪಿನ ಡಬ್ಬಿ ಡಬ್ಬ ಹಾಕಿದ, ಟೇಬಲ್ ಬುಡಕ ಹೊಕ್ಕ, ಬಾಜೂ ಟೇಬಲ್‌ನವರ ಚಪ್ಪಲ್ ತಗೊಂಡು ಬಂದ, ಕಡೀಕ ಎಲ್ರಿಗೂ ಬುದ್ಧಿ ಹೇಳೋ ನಾನ ಫೋನ್ ತಗದು ಕೈಯಾಗ ಇಟ್ಟೆ. ಗಪ್ ಚುಪ್. ಊಟ ಬಂತು, ಫೋನ್ ವಾಪಸ್ ಬರ್ಲಿಲ್ಲ. ಅವನು ನೋಡ್ತಾ ಹೋದ, ನಮ್ಮ ಮಗಳು ತುತ್ತು ಇಡ್ತಾ ಹೋದ್ಲು. ಮನಿಗೆ ಬರೋವಾಗ ಕೇಳಿದೆ, ‘ಏನ್ ತಿಂದ್ಯೋ ಅಪ್ಪಿ?’ ಅಂತ. ‘ಟ್ರ್ಯಾಕ್ಟರ್’ ಅಂದ!

ನಗ್ರಿ, ನಾವೂ ಬಾಳ ನಕ್ವಿ. ಆಮ್ಯಾಲ ರಾತ್ರಿ ಮಲಕೊಂಡಾಗ ಅದ ಮಾತು ತಲಿಯಾಗ ತಿರಗಾಕ ಹತ್ತಿತು, ಇನ್ನೂರ ಐವತ್ತು ರೂಪಾಯಿ ಪನೀರ್ ತಿಂದ ಕೂಸಿಗೆ ತಾನು ಏನ್ ತಿಂದೆ ಅನ್ನೋದ ಗೊತ್ತಿಲ್ಲ, ಹೊಟ್ಟಿ ತುಂಬಿತೋ ಇಲ್ಲೋ ಅದೂ ಗೊತ್ತಿಲ್ಲ, ಬಾಯಿ ತಗೀತು, ನುಂಗಿತು, ಅಷ್ಟ.

ಹಂಗಾದ್ರ ಮೊದ್ಲಿನ ಮಕ್ಕಳು ಶ್ಯಾಣ್ಯಾ ಇದ್ರೇನು? ಇಲ್ಲ ಬಿಡ್ರಿ. ನಮ್ಮ ಖಾನಾವಳಿ ನೆನಪ ಮಾಡ್ಕೊರ್ರಿ, ಕುಂತ್ರ ಸಾಕು ಸಟ್ಟನ ತಾಟು ಬರ್ತೈತಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಒಳಗ ರೊಟ್ಟಿ ಬಡಿಯೋ ಸಪ್ಪಳ, ಕೂಸು ಆ ಬಡಿಯೋ ಆಯಿ ಕೈ ನೋಡ್ಕೋತ ಕುಂದ್ರತಿತ್ತು. ಕಾಯೋದ ಇದ್ದಿಲ್ಲ, ಅದಕ್ಕ ಹಠಾನೂ ಇದ್ದಿಲ್ಲ. ಈಗ ಎಸಿ ಹಾಲ್, ಅಡಗಿಮನಿ ಎಲ್ಲೋ ಗ್ವಾಡಿ ಹಿಂದ, ಮೂರು ವರ್ಷದ ಹುಡುಗ ಅರ್ಧ ತಾಸು ಏನ್ ನೋಡ್ಬೇಕು ಹೇಳ್ರಿ, ಸೀಲಿಂಗ್ ಲೈಟ್ ನೋಡ್ಬೇಕೇನು? ಅದಕ್ಕ ಫೋನ್ ಕೊಟ್ಟ ತಾಯಿನ್ನ ಬೈಯೋದು ನನಗ ಸರಿ ಅನ್ಸಂಗಿಲ್ಲ, ವಾರೆಲ್ಲಾ ದುಡಿದು ಆಕಿ ಒಂದು ಬಿಸಿ ತುತ್ತು ತಿನ್ನಾಕ ಬಂದಿರ್ತಾಳ.

ಡಾಕ್ಟರ್ ಮಂದಿ ಏನಂತಾರ ಅದನ್ನ ಜಲ್ದಿ ಹೇಳಿಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೇತಿ, ಒಂದು ವರ್ಷದ ಕೂಸಿಗೂ ಸ್ಕ್ರೀನ್ ಬ್ಯಾಡ, 2ರಿಂದ 4 ವರ್ಷದವರಿಗೆ ದಿನಕ್ಕ 1 ತಾಸಿಗಿಂತ ಜಾಸ್ತಿ ಬ್ಯಾಡ, ಕಡಿಮಿ ಆದಷ್ಟೂ ಚಲೋ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸೈತ 2 ವರ್ಷದ ಒಳಗಿನವರಿಗೆ ಬ್ಯಾಡ ಅಂತೈತಿ, ಸಂಬಂಧಿಕರ ಜೋಡಿ ವಿಡಿಯೋ ಕಾಲ್ ಒಂದು ಬಿಟ್ಟು. ಅಂದ್ರ ಹೋಟೆಲ್‌ನ್ಯಾಗ ಕುಂತು ಊರಾಗಿನ ಅಜ್ಜಗ ವಿಡಿಯೋ ಕಾಲ್ ಹಚ್ಚಿ ‘ಅಜ್ಜ, ನಾ ದ್ವಾಸಿ ತಿನ್ನಾಕತ್ತೀನಿ’ ಅಂದ್ರ ಅದಕ್ಕೇನೂ ತಕರಾರಿಲ್ಲ.

ನನಗ ಜಾಸ್ತಿ ಚುಚ್ಚಿದ್ದು ಇನ್ನೊಂದು. ಅಮೇರಿಕಾದ ಬೋಸ್ಟನ್‌ದಾಗ ಡಾಕ್ಟರ್‌ಗಳು ಫಾಸ್ಟ್‌ಫುಡ್ ಹೋಟೆಲ್‌ನ್ಯಾಗ ಸುಮ್ಮನ ಒಂದು ಮೂಲ್ಯಾಗ ಕುಂತು, ಸಣ್ಣ ಮಕ್ಕಳನ್ನ ಕರಕೊಂಡು ಬಂದ 55 ಮಂದಿ ದೊಡ್ಡವರನ್ನ ನೋಡಿ ಬರಕೊಂಡ್ರು, 2014ರಾಗ ಅದು ಅಚ್ಚಾತು. 55ರಾಗ 40 ಮಂದಿ ಊಟದ ಟೈಮಿನ್ಯಾಗ ಫೋನ್ ತಗದಿದ್ರು. ಮಕ್ಕಳಲ್ಲ, ದೊಡ್ಡವರು! ನಾವು ವಾಟ್ಸಪ್ ತಿಕ್ಕೋತ ಕುಂತು ಹುಡುಗನಿಗೆ ‘ಇಡು ಅದನ್ನ’ ಅಂದ್ರ ಅವನ್ಯಾಕ ಕೇಳ್ತಾನ?

ಇನ್ನ ಆ್ಯಪ್ ವಿಷಯ. ಎಲ್ಲಾ ಆ್ಯಪ್ ಒಂದ ಅಂತ ತಿಳ್ಕೋಬ್ಯಾಡ್ರಿ. ವಿಡಿಯೋ ಆ್ಯಪ್‌ನ್ಯಾಗ ಒಂದು ಮುಗಿಯೋದ್ರಾಗ ಇನ್ನೊಂದು ತಾನ ಶುರು ಆಕ್ಕೈತಿ, ಅದಕ್ಕ ಆಟೋಪ್ಲೇ ಅಂತಾರ, ಅದಕ್ಕ ಕಡಿ ಅನ್ನೋದ ಇಲ್ಲ. ಕಡಿ ಇಲ್ಲದ್ದನ್ನ ಕೂಸು ಹೆಂಗ ನಿಲ್ಲಿಸ್ಬೇಕು? ನಾವು ಕಸಗೊಂಡಾಗ ಹೊಳ್ಳಾಡಿ ಅಳೋದು ಅದಕ್ಕ. ಬಣ್ಣ ತುಂಬೋದು, ಚಿತ್ರ ಜೋಡಿಸೋದು ಇಂಥಾವು ಒಂದು ಹಂತಕ್ಕ ಮುಗೀತಾವ, ಅಪ್ಪನೋ ಅವ್ವನೋ ಬಾಜೂ ಕುಂತು ‘ಈ ಆನಿಗೆ ಯಾವ ಬಣ್ಣ ಹಚ್ಚೋಣು’ ಅಂದ್ರ ಅಲ್ಲೂ ಮಾತು ಹುಟ್ತೈತಿ. ಆಟೋಪ್ಲೇ ಬಂದ್ ಮಾಡೋ ಬಟನ್ ಸೆಟ್ಟಿಂಗ್‌ನ್ಯಾಗ ಐತ್ರಿ, ಇವತ್ತ ಮನಿಗೆ ಹೋಗಿ ಹುಡುಕ್ರಿ. ಸೌಂಡ್ ಅಂತೂ ದಯಮಾಡಿ, ಹತ್ತು ಟೇಬಲ್‌ನ್ಯಾಗ ಹತ್ತು ಕಾರ್ಟೂನ್ ಒದರಿದ್ರ ಅದು ಹೋಟೆಲ್ ಅಲ್ಲ, ಸಂತಿ.

ಇನ್ನೊಂದು ಮಾತು, ಇದನ್ನ ನಾನು ಕ್ಲಾಸಿನ್ಯಾಗ ಕಲ್ತಿದ್ದು. ಕೆಲವು ಮಕ್ಕಳಿಗೆ ತಾಟಿನ ಸಪ್ಪಳ, ಮಿಕ್ಸರ್, ಮಂದಿ ಗದ್ದಲ ತಡಿಯಾಕ ಆಗಂಗಿಲ್ಲ, ಆಟಿಸಂ ಇದ್ದ ಮಗುವಿಗೆ ಆ ಫೋನ ಆಸರ ಆಗಿರ್ತೈತಿ. ಬಾಜೂ ಟೇಬಲ್ ನೋಡಿ ‘ಏನ್ ತಾಯಿ ಇಕಿ’ ಅನ್ನಬ್ಯಾಡ್ರಿ, ನಮಗ ಅವರ ಮನಿ ಕತಿ ಗೊತ್ತಿರಂಗಿಲ್ಲ.

ನಾವೀಗ ಏನ್ ಮಾಡಾಕತ್ತೀವಿ ಅಂದ್ರ, ಕುಂತ ಕೂಡ್ಲೇ ಮೊದ್ಲು ಹುಡುಗಂದು ಒಂದು ಇಡ್ಲಿನೋ ಮೊಸರನ್ನಾನೋ ಆರ್ಡರ್ ಮಾಡಿಬಿಡೋದು, ನಮ್ಮದು ಆಮ್ಯಾಲ. ‘ಅಣ್ಣಾ, ನೀರು ಕೊಡ್ರಿ’ ಅಂತ ಸಪ್ಲಾಯರ್‌ಗೆ ಅವನ ಹೇಳ್ಬೇಕು, ಅದನ್ನ ಹೇಳೋದ್ರಾಗ ಅವನಿಗೆ ಏನ್ ಗತ್ತು ಅಂತೀರಿ! ಕೈ ತೊಳೀಲಿಕ್ಕೆ ಎರಡು ಸಲ ಕರಕೊಂಡು ಹೋಗ್ತೀವಿ, ಅದ ಐದು ನಿಮಿಷ ತಿಂತೈತಿ. ಕಿನ್ನಾಳ ಗೊಂಬಿ ಒಯ್ಯೋಣ ಅಂದಿದ್ದೆ, ಸಾಂಬಾರ್‌ನ್ಯಾಗ ಅದ್ದತಾನ ಬ್ಯಾಡ ಅಂದ್ಲು ಮಗಳು. ದಿನಾ ಗೆಲ್ತೀವಂತಲ್ಲ ಮತ್ತ, ಹೋದ ಐತವಾರ ಸೋತು ಹತ್ತು ನಿಮಿಷ ಕೊಟ್ಟೀವಿ.

ಗವಿಮಠದ ಜಾತ್ರ್ಯಾಗ ಇದ ಹುಡುಗನ್ನ ಪಂಕ್ತಿಗೆ ಕೂಡ್ಸಿದ್ದೆ. ರೊಟ್ಟಿ ಬಂತು, ಮಾದಲಿ ಬಂತು, ಬಕೀಟು ಹಿಡಕೊಂಡವರು ಓಡ್ಯಾಡೋದು ನೋಡ್ಕೋತ ಬಾಯಿ ಬಿಟ್ಟು ಕುಂತಿದ್ದ, ಫೋನ್ ಕೇಳೋ ನೆನಪ ಆಗ್ಲಿಲ್ಲ ಅವನಿಗೆ. ಹೊರಗ ಬಂದಮ್ಯಾಲ ಏನ್ ತಿಂದಿ ಅಂದ್ರ, ‘ಮಾದಲಿ, ಇನ್ನೊಮ್ಮಿ ಹೋಗೂನು’ ಅಂದ.

ಹೊರಗ ಒಗ್ಗರಣಿ ಮಿರ್ಚಿ ರೆಡಿ ಐತಂತ, ವಾಸನಿ ಆಗ್ಲೇ ಬರಾಕತ್ತೈತಿ. ಪ್ರಶ್ನಿ ಇದ್ದವರು ಅಲ್ಲೇ ತಿನ್ಕೋತ ಕೇಳ್ರಿ.