ಎರಡು ಇಟ್ಟಿಗೆ ಸಾಕು

ಬಂದ ತಮ್ಮಂದಿರಿಗೆಲ್ಲಾ ನಮಸ್ಕಾರ. ಮಾತು ಶುರು ಮಾಡುವ ಮೊದಲು ಇಬ್ಬರನ್ನು ಕರೆದು ಹತ್ತು ಪುಶ್‌ಅಪ್ ಹೊಡೆಸಿದೆ, ನೋಡಿದಿರಲ್ಲ? ಎದೆ ಇದ್ದಲ್ಲೇ ಇತ್ತು. ಗೋಣು ಮಾತ್ರ ಮೇಲೆ ಕೆಳಗೆ ಆಡಿತು. ಬೇಲಿ ಮೇಲಿನ ಓತಿಕ್ಯಾತವೂ ಇಷ್ಟು ಮಾಡುತ್ತದೆ! ನಗಬೇಡಿ, ನಿಮ್ಮ ವಯಸ್ಸಿನಲ್ಲಿ ನಾನೂ ಹೀಗೇ ನೂರು ಎಣಿಸುತ್ತಿದ್ದೆ.

ನಮ್ಮ ಜಮಖಂಡಿ, ಮುಧೋಳ ಕಡೆ ಗರಡಿಮನೆಯಲ್ಲಿ ದಂಡ ಹೊಡೆಯುವವರನ್ನು ನೋಡಿರುತ್ತೀರಿ. ಸೊಂಟ ಮೇಲೆತ್ತಿ, ನೆಲ ಸವರಿದಂತೆ ಎದೆಯನ್ನು ಕೈಗಳ ನಡುವೆ ಮುಂದೆ ಒಯ್ದು ತಲೆ ಎತ್ತುತ್ತಾರೆ. ಅದರಲ್ಲಿ ಭುಜ, ಬೆನ್ನು ಎಲ್ಲಾ ದುಡಿಯುತ್ತವೆ. ಎದೆಗೇ ಜಾಸ್ತಿ ಕೆಲಸ ಬೇಕೆಂದರೆ ಮೈ ಹಲಗೆಯಂತೆ ನೆಟ್ಟಗಿರಬೇಕು, ಎದೆ ಪೂರ್ತಿ ಇಳಿಯಬೇಕು. ಆದರೆ ನೆಲ ಅಡ್ಡ ಬರುತ್ತದೆ ಅಲ್ವಾ? ಅದಕ್ಕೇ ಇಟ್ಟಿಗೆ.

ಒಂದೇ ಅಳತೆಯ ಎರಡು ಇಟ್ಟಿಗೆ ತನ್ನಿ. ಅಲುಗಾಡಬಾರದು. ಭುಜದಷ್ಟು ಅಗಲಕ್ಕೆ ಇಟ್ಟು ಅಂಗೈ ಊರಿ. ಮೂರು ಎಣಿಸುತ್ತಾ ಇಳಿಯಿರಿ. ಎದೆ ಅಂಗೈಗಿಂತ ಕೆಳಗೆ ಹೋಗಲಿ. ಅಲ್ಲಿ ಒಂದು ಕ್ಷಣ ತಡೆದು ಮೇಲೇಳಿ. ಎದೆಯ ದೊಡ್ಡ ಸ್ನಾಯು ಎದೆಮೂಳೆ, ಕೊರಳೆಲುಬಿನ ಕಡೆಯಿಂದ ಹೊರಟು ತೋಳಿನ ಮೂಳೆಗೆ ಅಂಟಿಕೊಂಡಿದೆ. ತೋಳು ಹಿಂದೆ ಹೋದಷ್ಟೂ ಅದು ಹಿಗ್ಗುತ್ತದೆ, ಹಿಗ್ಗಿದ ಹಾಗೇ ನಿಮ್ಮ ಭಾರ ಹೊರಬೇಕಾಗುತ್ತದೆ. ನೂರರ ಹುಡುಗ ಎಂಟಕ್ಕೆ ಉಸ್ಸೆನ್ನುತ್ತಾನೆ. ಎಂಟೇ ಸಾಕು. ಮೂರು ಸಲ, ದಿನ ಬಿಟ್ಟು ದಿನ.

ಕೈ ಅಗಲ ಇಟ್ಟರೆ ಎದೆ ಬೇಗ ಬರುತ್ತದೆ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ಸ್ನಾಯುವಿನ ವಿದ್ಯುತ್ ಅಳೆದು ನೋಡಿದವರಿಗೆ ಕೈ ಹತ್ತಿರ ಇದ್ದಾಗಲೇ ಎದೆ ಹೆಚ್ಚು ದುಡಿದದ್ದು ಕಂಡಿದೆ. ಮೊಣಕೈಯನ್ನಂತೂ ಹದ್ದಿನ ರೆಕ್ಕೆಯಂತೆ ಬಿಚ್ಚಬೇಡಿ. ಮೈಯಿಂದ 45 ಡಿಗ್ರಿ ಆಸುಪಾಸು ಇರಲಿ. ನಾನು ಬಿಚ್ಚಿ ಹೊಡೆದು ಭುಜ ಹಿಡಿಸಿಕೊಂಡೆ. ಮೂರು ವಾರ ನೀರಿನ ಕೊಡ ಎತ್ತಲಾಗಲಿಲ್ಲ, ಅವ್ವ ಬೈದದ್ದು ಬೇರೆ.

ಇಟ್ಟಿಗೆ ಮೇಲೆ ಆಗದವರು ಬೇಸರ ಮಾಡಿಕೊಳ್ಳಬೇಡಿ. ಹನುಮಪ್ಪನ ಗುಡಿ ಕಟ್ಟೆ ಇದೆಯಲ್ಲ, ಸುಮಾರು ಎರಡು ಅಡಿ ಎತ್ತರದ್ದು, ಅದರ ಮೇಲೆ ಕೈ ಇಟ್ಟು ಶುರು ಮಾಡಿ. ಆಗ ಕೈ ಮೇಲೆ ಬೀಳುವುದು ಮೈತೂಕದ ನೂರಕ್ಕೆ ಸುಮಾರು 41 ಪಾಲು. ನೆಲದ ಮೇಲಾದರೆ 64. 70 ಕೆಜಿಯ ಹುಡುಗನಿಗೆ ಅದು ಹತ್ತಿರ ಹತ್ತಿರ 45 ಕೆಜಿ. ಮುಂದೆ ಅದೇ ಕಟ್ಟೆ ಮೇಲೆ ಕಾಲಿಟ್ಟರೆ 74 ಆಗುತ್ತದೆ. ಕಟ್ಟೆ ಒಂದೇ, ಮೊದಲು ಕೈಗೆ, ಆಮೇಲೆ ಕಾಲಿಗೆ.

ನಾಳೆ, ನಾಡಿದ್ದು ಅಂಗಿ ಕಳಚುವಾಗ ಎದೆ ನೋಯುತ್ತದೆ. ಅದು ಬರುವ ನೋವೇ, ಹೋಗುತ್ತದೆ. ಭುಜದ ಕೀಲಿನಲ್ಲಿ ಚುಚ್ಚಿದಂತಾದರೆ ಮಾತ್ರ ನಿಲ್ಲಿಸಿ.

ಈಗ ಆ ಇಬ್ಬರೂ ಮತ್ತೆ ಬರಲಿ. ಇಟ್ಟಿಗೆ ಇಲ್ಲೇ ಇವೆ. ಈ ಸಲ ಎಣಿಸುವವನು ನಾನು.