ಹೂವಿಗಿಂತ ಹಳೆಯ ನಂಟು

ಕೇಳುಗರೆಲ್ಲರಿಗೂ ನಮಸ್ಕಾರ. ಮೆಣಸಿನಕಾಯಿ ಬೆಳೆಯುವವರಿಗೆ ಥ್ರಿಪ್ಸ್ ನುಸಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಲೆಯ ರಸ ಹೀರಿ ಗಿಡ ಮುಟುರಿಕೊಳ್ಳುವಂತೆ ಮಾಡುತ್ತದಲ್ಲ, ಅದೇ. ಅದರ ಹಳೇ ಕಾಲದ ನೆಂಟರೊಬ್ಬರ ಬಗ್ಗೆ ಇವತ್ತು ನಾಲ್ಕು ಒಳ್ಳೇ ಮಾತು ಹೇಳಬೇಕು ಅಂತ ಬಂದಿದ್ದೇನೆ.

ಉತ್ತರ ಸ್ಪೇನಿನ ಆಲಾವಾದಲ್ಲಿ ಅಂಬರ್ ಸಿಗುತ್ತದೆ. ಮರದಿಂದ ಒಸರಿದ ಅಂಟು ಮಣ್ಣಿನಡಿ ಹೂತುಹೋಗಿ ಕಲ್ಲಿನ ಹಾಗೆ ಗಟ್ಟಿಯಾದರೆ ಅದೇ ಅಂಬರ್. ಅಲ್ಲಿನದಕ್ಕೆ ಸುಮಾರು 10.5ರಿಂದ 11 ಕೋಟಿ ವರ್ಷ ವಯಸ್ಸು. ಅದರೊಳಗೆ ಥ್ರಿಪ್ಸ್ ಸಿಕ್ಕಿಕೊಂಡಿದ್ದವು. ಉದ್ದ 2 ಮಿಲಿಮೀಟರ್ ಕೂಡ ಇಲ್ಲ, ಮೈಮೇಲೆ ಮಾತ್ರ ನೂರಾರು ಪರಾಗದ ಕಣ! ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಎಕ್ಸ್-ರೇ ಹಾಯಿಸಿ ನೋಡಿ, 2012ರಲ್ಲಿ ಸಂಶೋಧಕರು ಇದನ್ನು ಪ್ರಕಟಿಸಿದರು. ನನಗೆ ಬಹಳ ಹಿಡಿಸಿದ್ದು ಆ ಹುಳದ ಕೂದಲು. ಕೂದಲಿನುದ್ದಕ್ಕೂ ಸಣ್ಣ ಸಣ್ಣ ಬಳೆಗಳಿವೆ, ಪರಾಗ ಅಂಟಿಕೊಳ್ಳಲಿ ಅಂತಲೇ ಇದ್ದ ಹಾಗೆ. ಜೇನುಹುಳದ ಕವಲೊಡೆದ ಕೂದಲು ಮಾಡುವ ಕೆಲಸವೂ ಇದೇ ಅಲ್ವಾ?

ಆ ಪರಾಗ ಹೂವಿನದಲ್ಲ. ಗಿಂಕ್ಗೊ ಇಲ್ಲವೇ ಸೈಕಾಸ್ ಜಾತಿಯದು, ಅಂದರೆ ಹೂ ಬಿಡದೆ ಬೀಜ ಕಟ್ಟುವ ಗಿಡಗಳದ್ದು. ಇಂಥ ಗಿಡಗಳ ಪರಾಗವನ್ನೆಲ್ಲ ಗಾಳಿಯೇ ಹೊತ್ತೊಯ್ಯುತ್ತಿತ್ತು, ಹುಳಗಳು ಬಂದದ್ದು ಹೂವಿನ ಜೊತೆಗೆ ಅಂತ ಬಹಳ ಕಾಲ ನಂಬಿದ್ದೆವು.

ಆಲಾವಾದ ಕಾಲಕ್ಕೆ ಹೂವು ಆಗಲೇ ಹುಟ್ಟಿತ್ತು, ನಿಜ. ಹಾಗಾಗಿ ಇನ್ನೂ ಹಿಂದಕ್ಕೆ ಹೋಗೋಣ. ರಷ್ಯಾದ ಉರಲ್ ಸೀಮೆಯ ಚೆಕಾರ್ಡಾದಲ್ಲಿ ಸಿಕ್ಕ ಸುಮಾರು 28 ಕೋಟಿ ವರ್ಷದ ಹಿಂದಿನ ಕೀಟಗಳ ಮೈಮೇಲೂ ಪರಾಗ ಇದೆ, ಅದೂ ಕೆಲವೇ ಬಗೆಯ ಗಿಡಗಳದ್ದು. 2023ರಲ್ಲಿ ಇದು ಪ್ರಕಟವಾಯಿತು. ಆದರೆ ಒಂದು ಮಾತು. ಪರಾಗ ತಿನ್ನಲು ಬಂದ ಹುಳದ ಮೈಗೂ ಅದು ಮೆತ್ತಿಕೊಳ್ಳುತ್ತದೆ, ಅಷ್ಟಕ್ಕೇ ಅದು ಇನ್ನೊಂದು ಗಿಡಕ್ಕೆ ತಲುಪಿಸಿತು ಅನ್ನುವ ಹಾಗಿಲ್ಲ. ಆಗ ಗಿಡವನ್ನೇ ವಿಚಾರಿಸಬೇಕು. ಸುಮಾರು 30 ಕೋಟಿ ವರ್ಷದ ಹಿಂದೆ, ಮುಂದೆ ಕಲ್ಲಿದ್ದಲಾದ ಕಾಡುಗಳಲ್ಲಿ ಮೆಡುಲ್ಲೋಸಾ ಎಂಬ ಗಿಡಗಳಿದ್ದವು. ಎಲೆ ಜರೀಗಿಡದ್ದು, ಆದರೆ ಬೀಜ ಬಿಡುತ್ತಿದ್ದವು. ಅವುಗಳಲ್ಲಿ ಕೆಲವುಗಳ ಪರಾಗದ ಕಣ ಅರ್ಧ ಮಿಲಿಮೀಟರ್‌ವರೆಗೂ ದಪ್ಪ, ಸಾಸಿವೆ ಕಾಳಿನ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಅನ್ನಿ. ಅಷ್ಟು ಭಾರದ್ದನ್ನು ಗಾಳಿ ದೂರ ಒಯ್ಯುವುದು ಕಷ್ಟ, ಹುಳ ಹೊತ್ತಿರಬೇಕು ಅಂತ ಹಲವರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಇದೆಲ್ಲ ಬರೀ ಕಲ್ಲಿನಲ್ಲಿ ಉಳಿದ ಕತೆಯೂ ಅಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮ್ಯಾಕ್ರೊಜೇಮಿಯಾ ಎಂಬ ಸೈಕಾಸ್ ನೆಂಟ ಗಿಡ ಇದೆ. ಗಂಡು ಗಿಡದ ಕಾಯಿಯಂಥ ಶಂಕುವಿನೊಳಗೆ ಥ್ರಿಪ್ಸ್ ಪರಾಗ ತಿನ್ನುತ್ತಾ ಕೂತಿರುತ್ತವೆ. ನಡು ಹಗಲು ಆ ಶಂಕು ತಾನಾಗಿಯೇ ಬಿಸಿಯಾಗುತ್ತದೆ, ಸುತ್ತಲಿನ ಗಾಳಿಗಿಂತ 12 ಡಿಗ್ರಿವರೆಗೂ ಜಾಸ್ತಿ. ಬಿಸಿಯ ಜೊತೆಗೆ ಅದರ ವಾಸನೆಯೂ ಹೆಚ್ಚುತ್ತದೆ; ಘಾಟು ತಡೆಯಲಾಗದಷ್ಟು ಏರಿದಾಗ ಥ್ರಿಪ್ಸ್ ಪರಾಗ ಮೆತ್ತಿಕೊಂಡೇ ಹೊರಗೆ ಓಡುತ್ತವೆ. ಆಮೇಲೆ ಅದೇ ವಾಸನೆ ಹಿತವಾಗಿ ಬರುತ್ತಿರುವ ಹೆಣ್ಣು ಶಂಕುವಿನೊಳಕ್ಕೆ ನುಗ್ಗುತ್ತವೆ.