ಹಿತ್ತಲ ವರ್ಕ್‌ಶಾಪಿಗೆ ಎರಡು ಇಂಚು ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಹಿತ್ತಲಲ್ಲೋ ಮನೆ ಪಕ್ಕದ ಖಾಲಿ ಜಾಗದಲ್ಲೋ ಒಂದು ಸಣ್ಣ ವರ್ಕ್‌ಶಾಪ್ ಕಟ್ಟಿಕೊಳ್ಳಬೇಕು ಅಂದುಕೊಂಡವರ ಜೊತೆ ಇವತ್ತು ನನ್ನ ಮಾತು. ಮೋಟಾರ್ ವೈಂಡಿಂಗ್ ಮಾಡುವವರು, ಮರಗೆಲಸದವರು, ವೆಲ್ಡಿಂಗ್ ಹುಡುಗರು, ಹರಿಹರದ ಕಡೆ ಲೇತ್ ಮೇಲೆ ಕೈ ಪಳಗಿಸಿಕೊಂಡು ನಿವೃತ್ತರಾದ ಹಿರಿಯರು. ಕಸುಬು ಇದೆ, ಜಾಗವೂ ಇದೆ, ದುಡ್ಡು ಮಾತ್ರ ಕಮ್ಮಿ. ನಿಮ್ಮನ್ನೇ ನೆನೆಸಿಕೊಂಡು ಮಾತಾಡುತ್ತಿದ್ದೇನೆ. ಕೈಯಲ್ಲಿ ದುಡ್ಡು ಜಾಸ್ತಿ ಇರುವವರು ಎಂಜಿನಿಯರ್ ಹತ್ತಿರ ಹೋಗಲಿ.

ನಾನು ಐಟಿಐಯಲ್ಲಿ ಪಾಠ ಮಾಡಿದವನು. ಒಂದೇ ವಿಷಯವನ್ನು ತಿರುಗಿ ತಿರುಗಿ ಹೇಳುವ ಅಭ್ಯಾಸ ಬಾಯಿಗೆ ಹತ್ತಿಬಿಟ್ಟಿದೆ. ಇವತ್ತಿನ ವಿಷಯ ಇದು: ಗೋಡೆಗೂ ಅದರ ಹೊರಗಿನ ಹೊದಿಕೆಗೂ ನಡುವೆ ಎರಡು ಇಂಚು ಜಾಗ ಬಿಡಿ. ಆ ಜಾಗ ಕೆಳಗಡೆಯೂ ತೆರೆದಿರಬೇಕು, ಮೇಲುಗಡೆಯೂ ತೆರೆದಿರಬೇಕು.

ಯಾಕೆ? ಚಿತ್ರದುರ್ಗ, ದಾವಣಗೆರೆ ಎರಡೂ ಇರುವುದು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲಿರುತ್ತಾನೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಬರುತ್ತಾನೆ, ಆಗ ಮೋಡ ಇರುವುದರಿಂದ ಅಷ್ಟಾಗಿ ಗೊತ್ತಾಗುವುದಿಲ್ಲ. ಏಪ್ರಿಲಿನಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಮಧ್ಯಾಹ್ನ ಛಾವಣಿ ಕಾಯುತ್ತದೆ. ಮೂರು ಗಂಟೆಯ ಮೇಲೆ ಪಡುವಣ ಗೋಡೆ ಕಾಯುತ್ತದೆ. ಬರೀ ತಗಡಿನ ಗೋಡೆಯಾದರೆ ಕಾದ ತಗಡಿನ ಪಕ್ಕದಲ್ಲೇ ನೀವು ಕೂತಿರುತ್ತೀರಿ. ಅದರ ಹೊರಗೆ ಎರಡು ಇಂಚು ಬಿಟ್ಟು ಇನ್ನೊಂದು ಹೊದಿಕೆ ಹಾಕಿದರೆ ಬಿಸಿಲು ಬೀಳುವುದು ಹೊದಿಕೆಯ ಮೇಲೆ. ನಡುವಿನ ಗಾಳಿ ಬಿಸಿಯಾಗಿ ಮೇಲಕ್ಕೆ ಹೋಗುತ್ತದೆ. ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಕರೆಂಟ್ ಬೇಡ, ಫ್ಯಾನ್ ಬೇಡ.

ಇದನ್ನು ಪುಸ್ತಕದಿಂದ ಹೇಳಿದರೆ ಯಾರೂ ನಂಬುವುದಿಲ್ಲ, ತರಗತಿಯಲ್ಲೂ ನಂಬುತ್ತಿರಲಿಲ್ಲ. ಅದಕ್ಕೇ ಒಬ್ಬ ಹುಡುಗನ ಕಥೆ ಹೇಳುತ್ತೇನೆ.

ನನ್ನ ಹತ್ತಿರ ಕಲಿತವನು, ಹೊಳಲ್ಕೆರೆ ಕಡೆಯವನು. ಹೆಸರು ಬೇಡ, ಎಲ್ಲೋ ಕೂತು ಕೇಳುತ್ತಿರುತ್ತಾನೆ. ಮೋಟಾರ್ ವೈಂಡಿಂಗ್ ಕೆಲಸ. ನಮ್ಮ ಕಡೆ ಬೋರ್‌ವೆಲ್‌ಗೆ ಬರ ಇಲ್ಲ, ಹಾಗಾಗಿ ಸುಟ್ಟ ಮೋಟಾರಿಗೂ ಬರ ಇಲ್ಲ. ಮನೆ ಹಿಂದೆ ಜಿಐ ಶೀಟಿನ ಶೆಡ್ ಹಾಕಿದ. ಬಲು ನೀಟಾದ ಹುಡುಗ. ಎಲ್ಲಿ ಸಂದು ಕಂಡರೂ ಸಿಲಿಕೋನ್ ಹಾಕಿ ಮುಚ್ಚಿದ. ಧೂಳು ಬರಬಾರದು, ಹಲ್ಲಿ ಬರಬಾರದು, ಮಳೆ ಬರಬಾರದು ಅಂತ. ಗಾಳಿಯೂ ಬರಲಿಲ್ಲ.

ಏಪ್ರಿಲಿನಲ್ಲಿ ಹಗಲು ಒಳಗೆ ಕೂರಲು ಆಗಲಿಲ್ಲ. ರಾತ್ರಿ ಕೆಲಸ ಶುರು ಮಾಡಿದ. ರಾತ್ರಿ ಸೊಳ್ಳೆ. ಸರಿ, ಒಂದು ಏರ್ ಕೂಲರ್ ತಂದ. ಕೂಲರ್ ಅಂದರೆ ನೀರಿನ ಪಸೆಯನ್ನು ಗಾಳಿಗೆ ಬಿಡುವ ಯಂತ್ರ. ಮುಚ್ಚಿದ ಕೋಣೆಯಲ್ಲಿ ಆ ಪಸೆ ಎಲ್ಲಿಗೆ ಹೋಗಬೇಕು? ಸ್ಪ್ಯಾನರ್‌ಗಳಿಗೆಲ್ಲ ತುಕ್ಕು. ಚಳಿಗಾಲ ಬಂತು, ಇನ್ನೊಂದು ಕಾಟ. ರಾತ್ರಿ ಶೀಟ್ ತಣ್ಣಗಾಗಿ ಒಳಗಿನ ಹಬೆ ಅದರ ತಳಕ್ಕೆ ಹನಿಯಾಗಿ ಕೂರುತ್ತಿತ್ತು. ಬೆಳಗ್ಗೆ ನೋಡಿದರೆ ಕಾಯಿಲ್ ಮೇಲೆ ತೊಟ್ಟು ತೊಟ್ಟು ನೀರು. ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ನೋಡಿದರೆ ಮುಳ್ಳು ಏಳುತ್ತಲೇ ಇರಲಿಲ್ಲ. ಸುತ್ತಿದ ಮೋಟಾರನ್ನು ಮತ್ತೆ ಒಣಗಿಸುವ ಕೆಲಸ. ಗಿರಾಕಿ ಬಾಗಿಲಲ್ಲಿ ನಿಂತು ಬೆಳೆ ಒಣಗುತ್ತಿದೆ ಅನ್ನುತ್ತಾನೆ, ಇವನು ಒಳಗೆ ಬಲ್ಬ್ ಹಚ್ಚಿ ಮೋಟಾರ್ ಒಣಗಿಸುತ್ತಾನೆ!

ಅಷ್ಟರಲ್ಲಿ ಇವನ ತಂಗಿಯ ಮದುವೆ ಗೊತ್ತಾಯಿತು, ಬೇಸಿಗೆಯಲ್ಲೇ. ಚಪ್ಪರಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ಬೇಕಲ್ಲ, ಭೀಮಸಮುದ್ರದ ಕಡೆ ತೋಟ ಇರುವ ಸೋದರಮಾವ ಒಂದು ಟ್ರ್ಯಾಕ್ಟರ್ ಕಳಿಸಿದರು. ಅಂಗಳದಲ್ಲಿ ಜಾಗ ಇಲ್ಲ. ಆಳುಗಳು ಅಷ್ಟನ್ನೂ ಈ ಶೆಡ್ಡಿನ ಪಡುವಣ ಗೋಡೆಗೆ ಒರಗಿಸಿ ಹೋದರು. ಒರಗಿಸಿದ್ದು ಅಂದಮೇಲೆ ದಬ್ಬೆಯ ಹಿಂದೆ ಸಂದು ಇದ್ದೇ ಇರುತ್ತದೆ. ಮೊದಲು ಅದನ್ನು ಕಂಡುಹಿಡಿದದ್ದು ಇವನಲ್ಲ, ಮನೆಯ ನಾಯಿ. ಮಧ್ಯಾಹ್ನವೆಲ್ಲ ಆ ಸಂದಿನಲ್ಲೇ ಮಲಗುತ್ತಿತ್ತು. ಆಮೇಲೆ ಇವನು ಒಳಗಿನಿಂದ ಗೋಡೆ ಮುಟ್ಟಿ ನೋಡಿದ. ಮೊದಲು ಕೈ ಇಡಲು ಆಗದಿದ್ದ ಪಡುವಣ ಗೋಡೆಗೆ ಈಗ ಆರಾಮಾಗಿ ಇಡಬಹುದು. ಸಂಜೆ ನಾಲ್ಕು ಗಂಟೆಗೆ!

ಮದುವೆ ಹತ್ತಿರ ಬಂತು, ದಬ್ಬೆ ಚಪ್ಪರಕ್ಕೆ ಹೋಯಿತು. ಮದುವೆ ಮುಗಿದ ಮಾರನೇ ದಿನ ನನಗೆ ಫೋನ್ ಬಂತು. "ಸಾರ್, ಗೋಡೆ ಮತ್ತೆ ಸುಡ್ತಿದೆ" ಅಂದ. ಊಟ ಹೇಗಿತ್ತು, ಬೀಗರು ಹೇಗೆ ಅಂತ ನಾನು ಕೇಳಿದರೆ ಇವನದು ಗೋಡೆ ಮಾತು. ಆ ದಬ್ಬೆಯನ್ನು ಅಲ್ಲೇ ಹೊಡೆದುಬಿಡು ಮಾರಾಯ ಅಂದೆ. ಸೋದರಮಾವ ಒಪ್ಪಲಿಲ್ಲ, ಅವರಿಗೆ ಅದು ಕೊಟ್ಟಿಗೆಗೆ ಬೇಕಂತೆ. ಕೊನೆಗೆ ಅವರ ತೋಟದ ಸುಟ್ಟ ಮೋಟಾರನ್ನು ಪುಕ್ಕಟೆ ಸುತ್ತಿಕೊಡುವ ಮಾತಾಯಿತು. ದಬ್ಬೆ ಇವನಿಗೆ ಬಂತು. ಹೊಡೆದ. ಮೇಲಿನ ಸಿಲಿಕೋನ್ ಕಿತ್ತು ಸಂದು ಬಿಟ್ಟ. ಈಗ ಹಗಲಲ್ಲೇ ಕೆಲಸ ಮಾಡುತ್ತಾನೆ. ಹನಿ ಬೀಳುವುದೂ ನಿಂತಿದೆ. ಕೂಲರ್ ಮಾರಿದ.

ಹೇಗೆ ಹೊಡೆದ ಅನ್ನುವುದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಎಲ್ಲರೂ ತಪ್ಪುವುದು ಇಲ್ಲೇ. ದಬ್ಬೆಯನ್ನು ಉದ್ದುದ್ದ ನಿಲ್ಲಿಸಿ ಹೊಡೆಯಬೇಕು ಅಂದರೆ ಅದಕ್ಕೆ ಅಡ್ಡಪಟ್ಟಿ ಬೇಕು. ಆ ಅಡ್ಡ ರೀಪರನ್ನು ನೇರವಾಗಿ ಶೀಟಿಗೆ ಬಡಿದರೆ ಮೇಲೇರುವ ಗಾಳಿಗೆ ಅಲ್ಲೇ ಅಣೆಕಟ್ಟು ಕಟ್ಟಿದ ಹಾಗೆ. ಮೊದಲು ಎರಡು ಇಂಚಿನ ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ನಿಲ್ಲಿಸಿ. ಅದರ ಮೇಲೆ ಅಡ್ಡ ರೀಪರ್. ಅದರ ಮೇಲೆ ದಬ್ಬೆ. ನಿಲುವು, ಅಡ್ಡ, ದಬ್ಬೆ. ಬರೆದುಕೊಳ್ಳಿ ಬೇಕಾದರೆ. ಕೆಳಗೂ ಮೇಲೂ ತೆರೆದ ಕಡೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಇಲಿ, ಕಣಜ ಸೇರಿಕೊಳ್ಳುವುದಿಲ್ಲ.

ದಬ್ಬೆ ಬಲಿತ ಮರದ್ದಾಗಿರಲಿ. ಒಳಗಿನ ಮೆತ್ತನೆ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಿರಿ, ಗೆದ್ದಲು ಮೊದಲು ಹಿಡಿಯುವುದೇ ಅದನ್ನು. ಗಟ್ಟಿ ಸಿಪ್ಪೆಯ ಭಾಗ ಹೊರಗೆ ಬರಲಿ. ಚೆನ್ನಾಗಿ ಒಣಗಿಸಿ. ಮೊಳೆ ಹೊಡೆದರೆ ಉದ್ದಕ್ಕೂ ಸೀಳುತ್ತದೆ, ಮೊದಲು ಡ್ರಿಲ್ ಮಾಡಿ ಆಮೇಲೆ ಸ್ಕ್ರೂ ಹಾಕಿ. ನೆಲಕ್ಕೆ ತಾಗಿಸಬೇಡಿ, ಆರು ಇಂಚು ಮೇಲಿರಲಿ. ಯಾವತ್ತೋ ಒಂದು ದಬ್ಬೆ ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಾಯಿಸಬಹುದು. ಚನ್ನಗಿರಿ, ಹೊಳಲ್ಕೆರೆ ಕಡೆಯವರಿಗೆ ಇದು ಕಷ್ಟದ ಸಾಮಾನಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ದಬ್ಬೆ ಎಲ್ಲಿಂದ ತರೋಣ ಅಂತೀರಾ? ಗುಜರಿಯಲ್ಲಿ ಹಳೇ ತಗಡು ತನ್ನಿ. ಹೊದಿಕೆ ಯಾವುದಾದರೂ ಆಗಲಿ. ನಡುವೆ ಎರಡು ಇಂಚು ಜಾಗ ಇರಲಿ.

ನಾಲ್ಕೂ ಕಡೆ ಮಾಡಲು ದುಡ್ಡಿಲ್ಲವೇ? ಪಡುವಣ ಗೋಡೆ ಒಂದಕ್ಕೆ ಮಾಡಿ. ಛಾವಣಿಗೆ ಹಸಿರು ಶೇಡ್ ನೆಟ್ಟನ್ನು ಒಂದಡಿ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ. ಕಿಟಕಿ ಬಡಗಣ ಗೋಡೆಗೆ ಇರಲಿ, ಬೆಳಕು ಒಂದೇ ಸಮ ಬರುತ್ತದೆ.

ಪ್ರತಿ ಸಲ ಒಂದು ಪ್ರಶ್ನೆ ಬರುತ್ತದೆ. "ಸಾರ್, ಶೀಟಿನ ಒಳಗಡೆ ಥರ್ಮಾಕೋಲ್ ಅಂಟಿಸಿದರೆ ಆಗಲ್ವಾ?" ಆಗಲ್ಲ. ವೆಲ್ಡಿಂಗ್ ಕಿಡಿ ಒಂದು ಹಾರಿದರೆ ಸಾಕು, ಕಪ್ಪು ಹೊಗೆ ಕಾರಿಕೊಂಡು ಉರಿಯುತ್ತದೆ. ಎಷ್ಟು ಸಲ ಹೇಳಿದರೂ ಅಂಟಿಸುತ್ತಾರೆ. ದಬ್ಬೆಯೂ ಮರವೇ ಅಲ್ವಾ ಅನ್ನಬಹುದು. ಅದು ಹೊರಗಿದೆ, ನಡುವೆ ತಗಡಿದೆ. ಥರ್ಮಾಕೋಲ್ ನಿಮ್ಮ ಪಕ್ಕದಲ್ಲೇ ಇದೆ.

ಕಥೆ ಉದ್ದ ಆಯಿತು, ಗಡಿಯಾರ ಮುಂದೆ ಓಡಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಅಳತೆ. ಸ್ಕ್ವೇರ್ ಪೈಪ್ 20 ಅಡಿ ಉದ್ದ ಬರುತ್ತದೆ. ಶೆಡ್ 10 ಅಡಿಗೆ 20 ಅಡಿ ಮಾಡಿ, ಪೈಪ್ ತುಂಡು ವ್ಯರ್ಥವಾಗುವುದಿಲ್ಲ. 11 ಅಡಿ ಯಾಕೆ ಬೇಕು ಹೇಳಿ? ಬಾಗಿಲು, ಕಿಟಕಿಗೆ ಹೊಸದು ಕೊಳ್ಳಬೇಡಿ, ಹಳೇ ಮನೆ ಕೆಡವಿದ ಕಡೆ ಸಿಗುತ್ತವೆ. ದುಡ್ಡು ಹಾಕುವುದಾದರೆ ಕಂಬಕ್ಕೂ ಛಾವಣಿಗೂ ಹಾಕಿ. ಛಾವಣಿ ಶೀಟ್ 0.5 ಮಿಲಿಮೀಟರ್ ಇರಲಿ, ಗೋಡೆಗೆ 0.35 ಸಾಕು. ಹಳೇ ಸಿಮೆಂಟ್ ಶೀಟ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಕಟ್ಟರ್‌ನಲ್ಲಿ ಕೊಯ್ಯಬೇಡಿ. ಅದರಲ್ಲಿರುವುದು ಕಲ್ನಾರು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ನೆಲ. ದಾವಣಗೆರೆ, ಹರಿಹರದ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದನ್ನು ಅಗೆದು ತೆಗೆದು ಗರಸು ತುಂಬಿ, ಚೆನ್ನಾಗಿ ದಮ್ಮಸ್ಸು ಮಾಡಿ, ಆಮೇಲೆ ಕಾಂಕ್ರೀಟ್. ಹೊರಗಿನ ನೆಲಕ್ಕಿಂತ ಒಂದಡಿ ಎತ್ತರ ಇರಲಿ. ಸುತ್ತ ಎರಡಡಿ ಸಿಮೆಂಟ್ ಇಟ್ಟಿಗೆ ಗೋಡೆ ಎಬ್ಬಿಸಿ, ಅದರ ಮೇಲೆ ಶೀಟ್ ಶುರು ಮಾಡಿ. ಮಳೆ ನೀರು ಸಿಡಿಯುವುದು ಬರೀ ಇಟ್ಟಿಗೆಗೆ.

ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಆಷಾಢದ ಗಾಳಿ ಪಡುವಣದಿಂದ ಬರುತ್ತದೆ. ಆದ್ದರಿಂದ ಶೀಟ್ ಹೊದಿಸುವುದನ್ನು ಮೂಡಣ ತುದಿಯಿಂದ ಶುರು ಮಾಡಿ ಪಡುವಣಕ್ಕೆ ಬನ್ನಿ. ಪ್ರತಿ ಹೊಸ ಶೀಟ್ ಹಿಂದಿನದರ ಮೇಲೆ ಕೂರಲಿ. ಆಗ ಶೀಟಿನ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ, ಗಾಳಿ ಒಳನುಗ್ಗಿ ಎಬ್ಬಿಸುವುದಿಲ್ಲ. ಅಂಚಿನ ಸಾಲಿಗೆ ಸ್ಕ್ರೂ ಜಾಸ್ತಿ ಹಾಕಿ. ರಬ್ಬರ್ ವಾಷರ್ ಬಿಡಬೇಡಿ. ಕಂಬಗಳನ್ನು ಎರಡಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ.

ಕೊನೆಗೆ ಕರೆಂಟ್. ಇದಕ್ಕೆ ಇನ್ನೂ ಜಾಸ್ತಿ ಹೊತ್ತು ಬೇಕಿತ್ತು. ತಗಡಿನ ಶೆಡ್ಡಿನಲ್ಲಿ ಎಲ್ಲೋ ಒಂದು ವೈರ್ ಸುಲಿದರೆ ಇಡೀ ಗೋಡೆಗೆ ಕರೆಂಟ್ ಬರುತ್ತದೆ. ಶೆಡ್ಡಿಗೇ ಬೇರೆ ಅರ್ಥಿಂಗ್ ಮಾಡಿಸಿ, ಫ್ರೇಮಿಗೆ ಜೋಡಿಸಿ. ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಹೊದಿಕೆಯ ಹಿಂದೆ ಬಿಡುತ್ತೀರಲ್ಲ ಎರಡು ಇಂಚು ಜಾಗ, ಅದರೊಳಗೆ ಮಾತ್ರ ದಯವಿಟ್ಟು ವೈರ್ ಎಳೆಯಬೇಡಿ. ಅದು ಗಾಳಿಗೆ ಬಿಟ್ಟ ಜಾಗ. ವೈರಿಂಗ್ ಒಳಗಡೆ, ಕಣ್ಣಿಗೆ ಕಾಣುವ ಹಾಗೆ, ಪೈಪಿನಲ್ಲಿ ಬರಲಿ.

ನಮಸ್ಕಾರ.